ಯಾರ ಮನೆಯಲ್ಲೂ ಉಣ್ಣದ ಮೇಷ್ಟ್ರು

ಅಥವಾ ಆ ಬೆರಳನ್ನು ಅವರು ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡರೋ ಏನೋ. ಕೂಸಿನ ತಾಯಿ ಸವಿತಾ ಹಾಗೆಂದೇ ಹೇಳುತ್ತಾಳೆ. ಕೂಸು ಅವಳ ತೊಡೆಯ ಮೇಲೇ ಇದ್ದದ್ದರಿಂದ ಅವಳ ಮಾತಿಗೆ ತೂಕ ಹೆಚ್ಚು. ನಾನಿದ್ದದ್ದು ಬಾಗಿಲ ಹತ್ತಿರ, ಮಧ್ಯೆ ನಾಲ್ಕಾರು ತಲೆಗಳು. ಆದರೂ ಇಷ್ಟು ವರ್ಷ ನಾನು ಹೇಳಿಕೊಂಡು ಬಂದದ್ದು ಬೇರೆ: ಮೇಷ್ಟ್ರು ಪಾಯಸದಲ್ಲಿ ಹಿಸುಕಿದ ಅನ್ನವನ್ನು ಬೆರಳ ತುದಿಯಲ್ಲಿ ಕೂಸಿನ ಬಾಯಿಗೆ ಇಟ್ಟರು, ಅದು ಅರ್ಧ ನುಂಗಿ ಅರ್ಧ ಉಗಿಯಿತು, ಉಳಿದದ್ದು ಬೆರಳಿಗೇ ಅಂಟಿಕೊಂಡಿತ್ತು, ಆ ಬೆರಳನ್ನು ಅವರು ಸುತ್ತ ನೋಡದೆ ತಮ್ಮ ಬಾಯಿಗೆ ಇಟ್ಟುಕೊಂಡರು.

ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅದೊಂದು ವಿಷಯವೇ ಅಲ್ಲ. ಅಜ್ಜಂದಿರೆಲ್ಲ ಮಾಡುತ್ತಾರೆ. ಆದರೆ ಇವರು ಊರಿನವರ ಲೆಕ್ಕದಲ್ಲಿ ಇನ್ನೊಬ್ಬರ ಮನೆಯ ಬಾಳೆಹಣ್ಣನ್ನೂ ಮುಟ್ಟದ ಮನುಷ್ಯ. ಎಂಜಲು ದೂರದ ಮಾತು.

ಈ ಬೆರಳಿನ ವಿಷಯ ತೀರ್ಮಾನವಾಗದೆ ಅವರ ಬಗ್ಗೆ ಬರೆಯಬಾರದು ಎಂದುಕೊಂಡಿದ್ದೆ. ಈಗ ಅವರು ತೀರಿಕೊಂಡಿದ್ದಾರೆ. ತೀರ್ಮಾನ ಹೇಳಬಹುದಾಗಿದ್ದವರು ಅವರೊಬ್ಬರೇ.

ಕೊಪ್ಪದ ನಮ್ಮ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಹೇಳುತ್ತಿದ್ದರು, ನಾನು ಕನ್ನಡ. ಮಕ್ಕಳು ಅವರಿಗೆ ಮಡಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ನಾವೂ ಅದನ್ನೇ ಬಳಸುತ್ತಿದ್ದೆವು, ಮೆಲ್ಲಗೆ. ಬೆಳಿಗ್ಗೆ ಬಂದವರೇ ಸ್ಟಾಫ್ ರೂಮಿನ ತಮ್ಮ ಮೇಜಿನ ಮೂಲೆಯಲ್ಲಿ ಒಂದು ಊದುಬತ್ತಿ ಹಚ್ಚುವರು. ಅಲ್ಲಿ ದೇವರ ಪಟ ಇರಲಿಲ್ಲ, ಕಿಟಕಿ ಇತ್ತು. ಕಿಟಕಿಗೆ ಊದುಬತ್ತಿ ಹಚ್ಚುವುದು ಯಾವ ಸಂಪ್ರದಾಯ ಎಂದು ನಾವು ಯಾರೂ ಕೇಳಲಿಲ್ಲ. ಮಧ್ಯಾಹ್ನದ ಬೆಲ್ ಹೊಡೆದ ಕೂಡಲೇ ಶಾಲೆಯ ಹಿಂದಿನ ಬಾಡಿಗೆ ಕೋಣೆಗೆ ಹೋಗಿ ಸ್ನಾನ ಮಾಡಿ, ಒದ್ದೆ ಕೂದಲಲ್ಲಿ ವಾಪಸು ಬರುತ್ತಿದ್ದರು. ಹೆಗಲಿಗೆ ಸದಾ ಒಂದು ಬಟ್ಟೆಯ ಚೀಲ, ಅದರಲ್ಲಿ ಒಗೆದ ಬಟ್ಟೆ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಕಾಫಿ ಇಲ್ಲ, ಹಾಲು ಇಲ್ಲ. ಮದುವೆಯೂ ಆಗಿರಲಿಲ್ಲ. ಶೃಂಗೇರಿ ಕಡೆಯ ಮನೆತನ ಬೇರೆ. ಇಷ್ಟು ಸಾಕಿತ್ತು ನಮಗೆ. ನಮ್ಮ ಕಡೆ ಒಬ್ಬ ಮನುಷ್ಯ ಎರಡು ಸಲ ಮಿಂದು, ಹೊರಗೆ ಉಣ್ಣದೆ, ತನ್ನ ಬಟ್ಟೆ ಮುಟ್ಟಗೊಡದೆ ಇದ್ದರೆ ಅದಕ್ಕೆ ಒಂದೇ ಅರ್ಥ. ಆ ಅರ್ಥ ರೆಡಿ ಇರುತ್ತದೆ, ಎಳೆದು ತೊಡಿಸಿದರಾಯಿತು.

ಒಂದು ಸಂಗತಿ ಆ ಅರ್ಥದೊಳಗೆ ಕೂರುತ್ತಿರಲಿಲ್ಲ. ಮಡಿಯವರಿಗೆ ಬಿಳಿ ಪಂಚೆ ಇರಬೇಕು. ಇವರದು ಸದಾ ಕಡು ಕಂದು ಪ್ಯಾಂಟು, ಇಲ್ಲವೆಂದರೆ ಕಪ್ಪು. ಬೇಸಗೆಯಲ್ಲೂ ಅದೇ. ಇದು ಆಗ ನನ್ನ ಕಣ್ಣಿಗೆ ಬಿದ್ದಿತ್ತೇ? ಇಲ್ಲ ಎನಿಸುತ್ತದೆ. ಈಗ ಹಿಂದಕ್ಕೆ ನೋಡಿ ಆ ಪ್ಯಾಂಟಿಗೆ ಬಣ್ಣ ಹಚ್ಚುತ್ತಿದ್ದೇನೆಯೇ? ಇದ್ದರೂ ಇರಬಹುದು. ಹಳೆಯ ಗ್ರೂಪ್ ಫೋಟೋ ತೆಗೆದು ನೋಡಿದೆ. ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ, ಸೊಂಟದ ಕೆಳಗೆ ಮುಂದಿನ ಸಾಲಿನವರ ತಲೆಗಳು.

ನಿಂತಿದ್ದಾರೆ. ಅದೂ ಹಾಗೆಯೇ. ಪಾಠ ನಿಂತೇ, ಪರೀಕ್ಷೆಯ ಡ್ಯೂಟಿ ನಿಂತೇ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಹಿಂದಿನ ಬಾಗಿಲ ಬಳಿ ಕಂಬಿ ಹಿಡಿದು ನಿಲ್ಲುತ್ತಿದ್ದರು. ಕಂಡಕ್ಟರು "ಕೂತ್ಕಳಿ ಮೇಷ್ಟ್ರೆ, ಸೀಟಿಗೆ ಎಂತ ಮೈಲಿಗೆ?" ಎಂದರೆ, "ಸೀಟಿಗಲ್ಲ ಮಾರಾಯ, ನಂಗೇ" ಎಂದು ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ಅವರನ್ನು ಬಿಡದೆ ಕೆಣಕುತ್ತಿದ್ದವನು ಪಿ.ಟಿ. ಮೇಷ್ಟ್ರು ಚಂದ್ರಪ್ಪ. ಶೆಟ್ಟಿಕೊಪ್ಪದ ಗೌಡರ ಹುಡುಗ, ದೊಡ್ಡ ದನಿ, ದೊಡ್ಡ ಕೈ. ಒಂದು ದಿನ ಆ ಬಟ್ಟೆಯ ಚೀಲವನ್ನು ಬೆರಳಲ್ಲಿ ನೇತುಹಾಕಿ ಹಿಡಿದುಕೊಂಡು, "ಮೇಷ್ಟ್ರೆ, ಈಗ ನಾನು ಸುಟ್ಟು ಹೋಗ್ತೀನಾ, ನಿಮ್ಮ ಚೀಲ ಸುಟ್ಟು ಹೋಗುತ್ತಾ?" ಎಂದ.

"ಎರಡೂ ಆಗಲ್ಲ. ಇಡಿ ಕೆಳಗೆ."

"ಅಲ್ಲ, ಒಳಗೆ ಎಂತ ಉಂಟು ಹೇಳಿ. ಬಂಗಾರನಾ?"

"ಚಡ್ಡಿ," ಎಂದರು ಮೇಷ್ಟ್ರು.

ಇಡೀ ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ಚಂದ್ರಪ್ಪ ಚೀಲವನ್ನು ಮೇಜಿನ ಮೇಲಿಟ್ಟು ಕೈ ಮುಗಿದ. ಸತ್ಯವನ್ನು ಅಷ್ಟು ನೇರವಾಗಿ ಹೇಳಿಬಿಟ್ಟರೆ ಯಾರೂ ನಂಬುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತೆಂದು ಈಗ ಅನಿಸುತ್ತದೆ. ಹೀಗೆ ಅನಿಸುವುದನ್ನೇ ನಾನು ಅನುಮಾನಿಸುತ್ತಿರುವುದು.

ಬೇಗಾರಿನಲ್ಲಿ ಇಬ್ಬರಿಗೂ ಚುನಾವಣೆ ಡ್ಯೂಟಿ ಬಿದ್ದಾಗಿನ ಕತೆಯನ್ನು ಚಂದ್ರಪ್ಪ ವರ್ಷಗಟ್ಟಲೆ ಅಭಿನಯಿಸಿ ತೋರಿಸುತ್ತಿದ್ದ. ಮತಗಟ್ಟೆಯಾಗಿದ್ದ ಶಾಲೆಯಲ್ಲಿ ಬಚ್ಚಲು ಇರಲಿಲ್ಲ. ಬೆಳಕು ಹರಿಯುವಾಗ ಇವನಿಗೆ ಎಚ್ಚರವಾಗಿ ನೋಡಿದರೆ ಪಕ್ಕದ ಚಾಪೆ ಖಾಲಿ. ಮೇಷ್ಟ್ರು ಹಳ್ಳದಲ್ಲಿ ಸೊಂಟದ ತನಕ ನೀರಿಗೆ ಇಳಿದು, ಆ ಚಳಿಯಲ್ಲಿ, ಕಣ್ಣು ಮುಚ್ಚಿ ನಿಂತಿದ್ದಾರೆ. "ಗಾಯತ್ರಿ ಹೇಳ್ತಾ ಇದ್ರು ಕಣ್ರೀ, ಹಲ್ಲು ಕಟಕಟ ಅಂತ. ನಾನು ದೂರದಿಂದ್ಲೇ ಅಡ್ಡಬಿದ್ದೆ." ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ, "ಗಾಯತ್ರಿ ಅಲ್ಲ ಅದು, ಚಳಿ" ಎನ್ನುತ್ತಿದ್ದರು.

ಅಲ್ಲಿಯತನಕ ಎಲ್ಲ ತಮಾಷೆ. ತಮಾಷೆ ಕೆಟ್ಟದ್ದು ಚಂದ್ರಪ್ಪನ ಗೃಹಪ್ರವೇಶದಲ್ಲಿ. ಶೆಟ್ಟಿಕೊಪ್ಪದಲ್ಲಿ ಹೊಸ ಮನೆ ಕಟ್ಟಿಸಿ ನಮ್ಮೆಲ್ಲರನ್ನೂ ಕರೆದಿದ್ದ. ಮೇಷ್ಟ್ರು ಬಂದರು, ಮನೆಯನ್ನು ಮೂಲೆಮೂಲೆ ಸುತ್ತಿ ನೋಡಿದರು, ಬಚ್ಚಲಿಗೆ ಹೊರಗಿನಿಂದಲೂ ಬಾಗಿಲು ಇಟ್ಟದ್ದನ್ನು ಹೊಗಳಿದರು. ಎಲೆ ಹಾಕಿದಾಗ ಎಡಗೈಯನ್ನು ಹೊಟ್ಟೆಯ ಎಡಬದಿಗೆ ಅಗಲವಾಗಿ ಇಟ್ಟುಕೊಂಡು, "ಹೊಟ್ಟೆ ತುಂಬಿದೆ" ಎಂದರು. ಇದು ಅವರ ಮಾತು, ಇದು ಅವರ ಭಂಗಿ. ಎಲ್ಲೆಡೆ ಅದೇ.

"ಒಂದು ಹಣ್ಣಾದ್ರೂ ತಿನ್ನಿ ಮೇಷ್ಟ್ರೆ. ಹಣ್ಣಿಗೆ ಸಿಪ್ಪೆ ಉಂಟಲ್ಲ, ನಮ್ಮ ಕೈ ತಾಗಲ್ಲ."

"ಹೊಟ್ಟೆ ತುಂಬಿದೆ ಚಂದ್ರಪ್ಪ."

ಚಂದ್ರಪ್ಪನ ಅಪ್ಪ, ಆಗಿನ್ನೂ ಇದ್ದರು, ಚಾವಡಿಯ ಆ ಕಡೆಯಿಂದ, "ಬಿಡೋ ಮಾರಾಯ, ಅವ್ರಿಗೆ ಆಗಲ್ಲ" ಎಂದರು. ಮೆತ್ತಗೆ, ಬಯ್ಯುವ ದನಿಯಲ್ಲೂ ಅಲ್ಲ. ಆ ಮಾತನ್ನು ಚಂದ್ರಪ್ಪ ಮರೆಯಲಿಲ್ಲ. ತನ್ನ ಮನೆಯಲ್ಲಿ, ತನ್ನ ಕಣ್ಣೆದುರು, ಅಪ್ಪ ಹಾಗೆ ಒಪ್ಪಿಕೊಂಡದ್ದು. ಆಮೇಲೆ ಅವನು ಮೇಷ್ಟ್ರನ್ನು ಕೆಣಕುವುದನ್ನು ಬಿಟ್ಟ. ಮಾತೇ ಬಿಟ್ಟ.

ನನ್ನ ಮನೆಯಲ್ಲೂ ಅವರು ಉಂಡಿರಲಿಲ್ಲ, ನಾನು ಅವರದೇ ಜಾತಿಯವಳಾದರೂ. ಅದಕ್ಕೂ ನಾವು ಕಾರಣ ಹುಡುಕಿಕೊಂಡಿದ್ದೆವು: ನನ್ನ ಗಂಡ ಮೊಟ್ಟೆ ತಿನ್ನುತ್ತಾನೆ.

ಮುಂದಿನ ವರ್ಷವೋ ಅದರ ಮುಂದಿನದೋ, ಚಂದ್ರಪ್ಪನ ಹೆಂಡತಿ ಸವಿತಾಗೆ ನರಸಿಂಹರಾಜಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಶಾಲೆಯಲ್ಲಿ ಸಿಹಿ ಹಂಚಿಯಾಗಿತ್ತು. ಮರುದಿನ ಚಂದ್ರಪ್ಪ ನನಗೆ ಫೋನು ಮಾಡಿದ. ಆ ದೊಡ್ಡ ದನಿ ಎಲ್ಲೋ ಹೋಗಿತ್ತು. "ಮೇಡಂ, ಕೂಸಿಗೆ ಹೊರಕಡೆಗೆ ಹೋಗೋ ದಾರಿ ಇಲ್ಲಂತೆ."

ನನಗೆ ಅರ್ಥವಾಗಲಿಲ್ಲ. ಎರಡು ಸಲ ಕೇಳಿದೆ. ಹುಟ್ಟಿದ ಕೂಸು ಮೊದಲು ಹೋಗುವ ಕಪ್ಪು ಹೇಲು ಬಟ್ಟೆಗೆ ಹತ್ತಿತ್ತು. ಅದನ್ನು ನೋಡಿ ಕೂಸಿನ ಅಜ್ಜಿ, ಚಂದ್ರಪ್ಪನ ಅಮ್ಮ, "ಹೋಯ್ತು, ಹೊಟ್ಟೆ ತೊಳೀತು" ಎಂದು ನೆಮ್ಮದಿಯಾಗಿದ್ದಳು. ಎಲ್ಲಿಂದ ಬಂತೆಂದು ಯಾರು ನೋಡುತ್ತಾರೆ? ಬಟ್ಟೆ ಬದಲಿಸಲು ಬಂದ ನರ್ಸ್ ನೋಡಿದಳು. ಇರಬೇಕಾದ ಜಾಗದಲ್ಲಿ ದ್ವಾರವಿಲ್ಲ, ಚರ್ಮ ನುಣುಪಾಗಿ ಮುಚ್ಚಿದೆ. ಮುಂದೆ, ಮೂತ್ರದ ದಾರಿಯ ಹತ್ತಿರ, ಒಂದು ಸಣ್ಣ ತೂತಿನಿಂದ ಇಷ್ಟಿಷ್ಟೇ ಜಿನುಗುತ್ತಿದೆ. ಡಾಕ್ಟರು ಬಂದು ನೋಡಿ, ಇದು ಹುಟ್ಟುವಾಗಲೇ ಆಗುವ ದೋಷ, ಘಟ್ಟದ ಕೆಳಗೆ ದೊಡ್ಡಾಸ್ಪತ್ರೆಗೆ ಒಯ್ಯಿರಿ, ತಡ ಮಾಡಬೇಡಿ ಎಂದಿದ್ದರು.

ಈ ಸುದ್ದಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಮೇಷ್ಟ್ರು ಏನು ಮಾಡಿದರು? ಊದುಬತ್ತಿಯನ್ನು ನಂದಿಸಿದರು ಎಂದು ನನ್ನ ನೆನಪು. ಅದಕ್ಕೂ ಇದಕ್ಕೂ ಸಂಬಂಧವಿಲ್ಲದೇ ಇರಬಹುದು. ಆಮೇಲೆ ಚೀಲ ತೆಗೆದುಕೊಂಡು, "ನೀವು ಬರ್ತೀರಾ, ನಾನೊಬ್ಬನೇ ಹೋಗ್ಲಾ?" ಎಂದು ಕೇಳಿದರು.

ಬಸ್ಸಿನಲ್ಲಿ ನಾನು ಕೂತಿದ್ದೆ, ಅವರು ನಿಂತಿದ್ದರು.

ಆಸ್ಪತ್ರೆಯಲ್ಲಿ ನೋಡಿದರೆ ಒಯ್ಯುವ ಸಿದ್ಧತೆಯೇ ಇರಲಿಲ್ಲ. ವಾರ್ಡಿನ ಹೊರಗೆ ಚಂದ್ರಪ್ಪನ ಕಡೆಯವರ ಸಣ್ಣ ಗುಂಪು. ಅವನ ಅಮ್ಮ ಸೊಸೆಗೆ ಕೇಳುವ ಹಾಗೆ, "ಗ್ರಹಣದ ದಿನ ಬೇಡ ಬೇಡ ಅಂದ್ರೂ ಹಲಸಿನಕಾಯಿ ಹೆಚ್ಚಿದ್ಲು. ಈಗ ನೋಡಿ" ಎನ್ನುತ್ತಿದ್ದಳು. ಒಳಗೆ ಸವಿತಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಚಂದ್ರಪ್ಪನ ಚಿಕ್ಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, "ಹೊಟ್ಟೆ ಕೊಯ್ಯದು, ಅಲ್ಲಿಂದ ಹೇಲು ತೆಗಿಯದು, ಅದರ ಮೇಲೆ ಹೆಣ್ಣು ಕೂಸು. ನಾಳೆ ಅದಕ್ಕೆ ಎಂತ ಬದುಕು? ಮನೆಗೆ ಕರ್ಕಂಡು ಹೋಗನ. ದೇವರು ಇಟ್ಟ ಹಾಗೆ ಆಗ್ಲಿ" ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಕಣ್ಣು ಒದ್ದೆಯಾಗಿತ್ತು.

ಮೇಷ್ಟ್ರು ಯಾರನ್ನೂ ಮಾತಾಡಿಸದೆ ಒಳಗೆ ಹೋದರು. ನಳದಲ್ಲಿ ಮೊಣಕೈತನಕ ಕೈ ತೊಳೆದರು. ನರ್ಸನ್ನು ಕೇಳಿ ಕೂಸಿನ ಬಟ್ಟೆ ಸರಿಸಿದರು, ಕಾಲೆತ್ತಿ ನೋಡಿದರು, ಹತ್ತಿಯಿಂದ ಒರೆಸಿದರು. ಅದು ಆಗಲೂ ಜಿನುಗಿತು, ಅವರ ಬೆರಳಿಗೂ ಹತ್ತಿತು. ಮಡಿ ಮೇಷ್ಟ್ರ ಬೆರಳಿಗೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹೊರಗೆ ಬಂದು ಅವರು ಮೊದಲು ಮಾತಾಡಿದ್ದು ಆ ಅಜ್ಜಿಯ ಹತ್ತಿರ. ದನಿ ತರಗತಿಯದೇ, ಅವಸರವಿಲ್ಲದ್ದು. "ನೋಡಿ ಅಮ್ಮ, ಹಲಸಿನಕಾಯಿಗೂ ಇದಕ್ಕೂ ಏನೂ ಇಲ್ಲ. ಬಸಿರಲ್ಲಿ ಮೊದಮೊದಲು ಉಚ್ಚೆಯ ದಾರಿ, ಹೇಲಿನ ದಾರಿ ಬೇರೆ ಬೇರೆ ಇರಲ್ಲ. ಎಲ್ಲ ಕೂಸಿಗೂ ಒಂದೇ ಕಾಲುವೆ. ನನಗೂ ನಿಮಗೂ. ಆಮೇಲೆ ಮಧ್ಯೆ ಒಂದು ಬದು ಇಳಿದು ಬರುತ್ತೆ, ಎರಡು ಕಾಲುವೆ ಆಗುತ್ತೆ. ಬದು ಅರ್ಧಕ್ಕೆ ನಿಂತ್ರೆ ಹಿಂದಿನ ನೀರು ಮುಂದಿನ ಕಡೆ ಬಾಯಿ ಮಾಡ್ಕೊಳುತ್ತೆ. ಅಷ್ಟೇ ಆಗಿರೋದು. ಅದು ಆಗೋ ಹೊತ್ತಿಗೆ ಈ ಹುಡುಗಿಗೆ ತಾನು ಬಸುರಿ ಅಂತ ಸರಿಯಾಗಿ ಗೊತ್ತೂ ಆಗಿರಲ್ಲ. ಯಾಕೆ ನಿಲ್ಲುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಡಾಕ್ಟರಿಗೂ."

"ಹಂಗಾರೆ ಯಾರ ತಪ್ಪು?" ಎಂದಳು ಅಜ್ಜಿ.

"ಯಾರದ್ದೂ ಅಲ್ಲ. ಗದ್ದೆ ಬದು ಹರಿದ್ರೆ ಬೈತಾ ಕೂರ್ತೀರಾ, ಮಣ್ಣು ಹಾಕ್ತೀರಾ?"

ಒಳಗೆ ಸವಿತಾ ಈ ಕಡೆ ತಿರುಗಿದ್ದಳು.

ಇನ್ನು ನಾನು ಬರೆಯಹೊರಟಿರುವ ಮಾತು ಅವರು ಆಡಿದ್ದೇ ಹೌದೆಂದು ಪ್ರಮಾಣ ಮಾಡಲಾರೆ. ಚಂದ್ರಪ್ಪ ಅವರ ತೋಳು ಹಿಡಿದುಕೊಂಡು, ಮಾತು ಬಿಟ್ಟದ್ದೆಲ್ಲ ಮರೆತು, "ಬದುಕಿದ್ರೂ ಎಂತ ಬದುಕು ಮೇಷ್ಟ್ರೆ ಅದು? ದೊಡ್ಡೋಳಾದ ಮೇಲೆ ನಾಲ್ಕು ಜನರ ಮಧ್ಯೆ ಹೆಂಗೆ ಇರ್ತಾಳೆ?" ಎಂದು ಕೇಳಿದ. ಮೇಷ್ಟ್ರು ಅವನ ಮುಖ ನೋಡಿದರು. ಆಮೇಲೆ, "ಇಂಥವರು ನಾಲ್ಕು ಜನರ ಮಧ್ಯೆ ಇರೋದನ್ನ ನೀವು ನೋಡಿದೀರಿ ಚಂದ್ರಪ್ಪ. ಗೊತ್ತಾಗಿಲ್ಲ ಅಷ್ಟೆ" ಎಂದರು.

ನನ್ನ ಕಿವಿಯಲ್ಲಿ ಅದು ಇದೆ. ಚಂದ್ರಪ್ಪನಿಗೆ ಅಂಥ ಮಾತೇ ನೆನಪಿಲ್ಲ. "ಅವ್ರು ನಂಗೆ ಬೈದ್ರು ಮೇಡಂ. ಹೆಣದ ಥರ ನಿಂತ್ಕಬೇಡ, ಆಂಬುಲೆನ್ಸ್ ಹತ್ತು ಅಂದ್ರು. ಅಷ್ಟೇ" ಎನ್ನುತ್ತಾನೆ. ಇರಬಹುದು. ಆ ಹೊತ್ತಿನಲ್ಲಿ ಅವನಿಗೆ ಬೈಗುಳವೇ ಬೇಕಾಗಿತ್ತು. ಆಂಬುಲೆನ್ಸ್ ಹೊರಟಿತು. ಮೇಷ್ಟ್ರೂ ಹತ್ತಿದರು.

ಆಮೇಲಿನದು ದೀರ್ಘ. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಕೂಸಿನ ಹೃದಯ, ಮೂತ್ರಪಿಂಡ, ಬೆನ್ನುಮೂಳೆ ಎಲ್ಲ ನೋಡಿದರು, ಈ ದೋಷದ ಜೊತೆ ಬೇರೆ ದೋಷಗಳೂ ಇರಬಹುದಂತೆ. ಇರಲಿಲ್ಲ. ಹೊಟ್ಟೆಯ ಎಡಬದಿಯಲ್ಲಿ ಕರುಳಿಗೆ ತಾತ್ಕಾಲಿಕ ಬಾಯಿ ಮಾಡಿದರು. ಕೂಸು ಮೈ ತುಂಬಿಕೊಂಡ ಮೇಲೆ ಹಿಂದೆ, ಇರಬೇಕಾದ ಜಾಗದಲ್ಲಿ, ಹೊಸ ದ್ವಾರ. ಅದು ಗಾಯವಲ್ಲವೇ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಮುಚ್ಚದ ಹಾಗೆ ನುಣುಪಾದ ಲೋಹದ ಕಡ್ಡಿಗೆ ಎಣ್ಣೆ ಸವರಿ ದಿನವೂ ತೂರಿಸಿ ಹಿಗ್ಗಿಸಬೇಕು, ದಿನ ಕಳೆದಂತೆ ದಪ್ಪದ ಕಡ್ಡಿ. ಇದನ್ನು ಮಾಡಬೇಕಾದವರು ಡಾಕ್ಟರಲ್ಲ. ಮನೆಯವರು.

ಸವಿತಾ ಮೊದಲ ದಿನವೇ ಕಡ್ಡಿ ಬಿಸಾಡಿ ಹಿತ್ತಲಿಗೆ ಓಡಿದಳಂತೆ. ಅಂದಿನಿಂದ ಮೇಷ್ಟ್ರು ಭಾನುವಾರ ಭಾನುವಾರ ಶೆಟ್ಟಿಕೊಪ್ಪಕ್ಕೆ ಹೋಗತೊಡಗಿದರು. ನಾನೂ ಕೆಲವು ಸಲ ಹೋಗಿದ್ದೇನೆ. ಚಾಪೆಯ ಮೇಲೆ ಕೂಸನ್ನು ಮಲಗಿಸಿ ಅವರು ಎರಡೂ ಕಾಲು ಹಿಡಿದುಕೊಳ್ಳುವರು. ಕಡ್ಡಿ ಮಾತ್ರ ಎಂದೂ ತಾವು ಮುಟ್ಟಲಿಲ್ಲ. "ನಾನು ಮಾಡಿದ್ರೆ ಭಾನುವಾರಕ್ಕೊಂದು ಆಗುತ್ತೆ. ನೀವು ಮಾಡಿದ್ರೆ ದಿನಾ ಆಗುತ್ತೆ" ಎನ್ನುವರು. ಕೂಸು ಕಿರುಚುವುದು. ಸವಿತಾ ಅಳುವಳು. "ಅಳಬೇಡಿ ಅಂತ ನಾನು ಹೇಳಲ್ಲ ಸವಿತಾ. ಅತ್ಕೊಂಡೇ ಮಾಡಿ. ಇವತ್ತು ಪಾಪ ಅಂತ ಬಿಟ್ರೆ ಈ ಪಾಪನ್ನ ಅವಳು ಜೀವನ ಪೂರ್ತಿ ಹೊರಬೇಕು." ಹಾಗೆ ಹೇಳುವಾಗ ಅವರು ಕೂಸಿನ ಕಡೆ ನೋಡುತ್ತಿರಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಕೂಸನ್ನು ಎತ್ತಿಕೊಂಡು, ಅದರ ಹೊಟ್ಟೆಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ತಾವೇ ಬದಲಿಸಿ, ಸುತ್ತ ಕೊಬ್ಬರಿ ಎಣ್ಣೆ ಹಚ್ಚುವರು. ಮೂಗು ಮುರಿದದ್ದನ್ನು ನಾನು ನೋಡಿಲ್ಲ. ಸವಿತಾ ಕಾಫಿ ತಂದರೆ ಎಡಗೈ ಹೊಟ್ಟೆಗೆ ಹೋಗುವುದು.

ಊರಿನವರು ಇದಕ್ಕೂ ಅರ್ಥ ಹಚ್ಚಿದರು. ಮಡಿ ಮೇಷ್ಟ್ರು ಗೌಡರ ಮನೆಯಲ್ಲಿ ಉಣ್ಣದೆ ಎದ್ದು ಹೋದದ್ದಕ್ಕೆ ಈಗ ಪ್ರಾಯಶ್ಚಿತ್ತ ಮಾಡುತ್ತಿದ್ದಾರೆ ಎಂದರು. ಚಂದ್ರಪ್ಪನೂ ಹಾಗೆಯೇ ನಂಬಿದ್ದನೆಂದು ಕಾಣುತ್ತದೆ. ಅದರಿಂದಲೇ ಮುಂದಿನದು ಅಷ್ಟು ಕೆಟ್ಟದಾಯಿತು.

ಹೊಟ್ಟೆಯ ಬಾಯಿ ಮುಚ್ಚಿಸಿಕೊಂಡು ಬಂದ ಮೇಲೆ ಹೆಸರಿಡುವುದು, ಅನ್ನ ಉಣ್ಣಿಸುವುದು ಎರಡನ್ನೂ ಒಟ್ಟಿಗೆ ಇಟ್ಟುಕೊಂಡರು. ಅಲ್ಲಿಯತನಕ ಅದು ಬರೀ ಕೂಸು. ಮೊದಲ ತುತ್ತು ಮೇಷ್ಟ್ರೇ ಕೊಡಬೇಕೆಂದು ಅಜ್ಜಿ ಹಟ ಹಿಡಿದಳು. ಕೊಟ್ಟರು. ಬೆರಳಿನ ಕತೆ ಹೇಳಿಯಾಗಿದೆ. ಆಮೇಲೆ ಎಲೆ ಹಾಕಿದರು. ಚಂದ್ರಪ್ಪ ಅವರಿಗೆಂದೇ ಹೊಸ ಮಣೆ ತಂದು, ಒಳ್ಳೆಯ ಅಗ್ರದ ಎಲೆ ಹಾಸಿ, ನಿಂತೇ ಇದ್ದ. ಮೇಷ್ಟ್ರ ಎಡಗೈ ಹೊಟ್ಟೆಗೆ ಹೋಯಿತು.

"ಹೊಟ್ಟೆ ತುಂಬಿದೆ ಚಂದ್ರಪ್ಪ."

"ನನ್ನ ಕೂಸಿನ ಹೇಲು ಬಳಿದಿದೀರಿ," ಎಂದ ಚಂದ್ರಪ್ಪ. ಕೂಗಲಿಲ್ಲ. "ಅದು ಆಗುತ್ತೆ ನಿಮ್ಮ ಕೈಗೆ. ನಮ್ಮನೆ ಅನ್ನ ಆಗಲ್ವಾ?"

ಮೇಷ್ಟ್ರು ಬಾಯಿ ತೆರೆದರು. ಏನೋ ಹೇಳುವವರಿದ್ದರು, ಇದು ನನಗೆ ಖಂಡಿತ, ಇದೊಂದು ಖಂಡಿತ. ಅಷ್ಟು ಹೊತ್ತಿಗೆ ಚಿಕ್ಕಪ್ಪ "ಬಿಡೋ, ಬಿಡೋ, ಅವ್ರ ಮಡಿ ಅವ್ರಿಗೆ" ಎಂದರು. ಮೇಷ್ಟ್ರು ಬಾಯಿ ಮುಚ್ಚಿದರು. ಚೀಲ ತೆಗೆದುಕೊಂಡರು. "ಹೌದು. ನನ್ನ ಮಡಿ ನಂಗೆ" ಎಂದು ಮೆಟ್ಟಿಲಿಳಿದರು.

ಜಾತಿವಂತನೆಂಬ ಹೆಸರನ್ನು ಅವರು ಕೈಯಾರೆ ಎತ್ತಿ ತಲೆಗೆ ಇಟ್ಟುಕೊಂಡು ಹೋದ ಹಾಗೆ ನನಗೆ ಅಂದು ಕಂಡಿತು. ಆ ಗಳಿಗೆಯಿಂದಲೇ ನಾನು ಊದುಬತ್ತಿಯನ್ನು, ಹಳ್ಳವನ್ನು, ಚಡ್ಡಿಯನ್ನು, ಬಸ್ಸಿನ ಕಂಬಿಯನ್ನು ಬೇರೆ ರೀತಿ ಜೋಡಿಸತೊಡಗಿದ್ದು. ಅವರ ಕಾಲದಲ್ಲಿ ಹೀಗೆ ಹುಟ್ಟಿದ ಗಂಡುಕೂಸು ಹೇಗೋ ಬದುಕಿದ್ದರೆ, ಯಾರೋ ಅರೆಬರೆ ದಾರಿ ಮಾಡಿಕೊಟ್ಟಿದ್ದರೆ, ತಡೆದುಕೊಳ್ಳುವ ಶಕ್ತಿಯಿಲ್ಲದ ಆ ದಾರಿಯನ್ನು ಇಟ್ಟುಕೊಂಡು ಒಬ್ಬ ಮನುಷ್ಯ ನೌಕರಿ ಮಾಡಿದ್ದರೆ, ಅವನು ಹೇಗಿರುತ್ತಿದ್ದ? ಬೆಳಿಗ್ಗೆ ಹೊಟ್ಟೆ ತೊಳೆದು ಖಾಲಿ ಮಾಡಿಕೊಂಡು ಹೊರಡುತ್ತಿದ್ದ. ಹೊರಗೆ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಕಡು ಬಣ್ಣದ ಪ್ಯಾಂಟು ತೊಡುತ್ತಿದ್ದ. ಮಧ್ಯಾಹ್ನ ಮೀಯುತ್ತಿದ್ದ. ಕೂರುತ್ತಿರಲಿಲ್ಲ.

ಎಲ್ಲ ಹೊಂದುತ್ತದೆ. ಹೊಂದುವುದೇ ನನಗೆ ಕಿರಿಕಿರಿ. ಮಡಿ ಎಂಬ ಮೊದಲ ಕತೆಯೂ ಹೀಗೆಯೇ ಹೊಂದಿತ್ತಲ್ಲ, ಪ್ಯಾಂಟಿನ ಬಣ್ಣವೊಂದನ್ನು ಬಿಟ್ಟು. ಒಬ್ಬ ಮಡಿವಂತನನ್ನು ಅಳಿಸಿ ಅದೇ ಜಾಗದಲ್ಲಿ ಒಬ್ಬ ನೊಂದವನನ್ನು ಬರೆದುಕೊಂಡರೆ ನನಗೆ ಅವರನ್ನು ಪ್ರೀತಿಸುವುದು ಸುಲಭವಾಗುತ್ತದೆ. ನನ್ನ ಸುಲಭಕ್ಕೆ ಅವರೇಕೆ ಹುಟ್ಟಿದಾಗಿನಿಂದ ನರಳಬೇಕು? ನಿಜವಾಗಿಯೂ ಜಾತಿಯ ಕೊಳೆ ತಲೆಯಲ್ಲಿದ್ದೂ ಒಂದು ಕೂಸಿಗಾಗಿ ಕೈ ಕೊಳೆ ಮಾಡಿಕೊಳ್ಳುವ ಮನುಷ್ಯರು ಇರಬಾರದೆಂದೇನಿದೆ? ಇದ್ದಾರೆ. ನಾನು ಕಂಡಿದ್ದೇನೆ.

ನಿವೃತ್ತಿಯ ಮೇಲೆ ಅವರು ಶೃಂಗೇರಿಗೆ, ತಂಗಿಯ ಮನೆಗೆ ಹೋದರು. ಚಂದ್ರಪ್ಪ ಮಾತಾಡಲಿಲ್ಲ, ಆದರೆ ಸವಿತಾಳನ್ನೂ ಕೂಸನ್ನೂ ಅಲ್ಲಿಗೆ ಹೋಗುವುದರಿಂದ ತಡೆಯಲೂ ಇಲ್ಲ. ಕೂಸು ಈಗ ನಾಲ್ಕನೇ ಕ್ಲಾಸು. ಚುರುಕು ಹುಡುಗಿ, ಅಪ್ಪನ ದನಿ. ದಾರಿ ಸರಿಯಾಗಿದೆ, ಆದರೆ ತಡೆದುಕೊಳ್ಳುವುದು ಪೂರ್ತಿ ಬಂದಿಲ್ಲ. ಬೆಳಿಗ್ಗೆ ಹೊಟ್ಟೆ ತೊಳೆಯುವ ಕ್ರಮವುಂಟು, ಅದನ್ನು ಮಾಡಿದರೆ ಸಂಜೆಯತನಕ ಭಯವಿಲ್ಲ. ಡಾಕ್ಟರು ಹೇಳಿದ್ದನ್ನು ಸವಿತಾಳಿಗೆ ಮತ್ತೆ ಮತ್ತೆ ಬಿಡಿಸಿ ಹೇಳಿ ರೂಢಿ ಮಾಡಿಸಿದವರು ಮೇಷ್ಟ್ರು. ಅಷ್ಟು ಚೆನ್ನಾಗಿ ಹೇಗೆ ಗೊತ್ತಿತ್ತು? ವಿಜ್ಞಾನದ ಮೇಷ್ಟ್ರು, ಓದಿರಬಹುದು. ನೋಡಿ, ಅದಕ್ಕೂ ಎರಡು ಕಾರಣ.

ಹೋದ ತಿಂಗಳು ಅವರ ವೈಕುಂಠ ಸಮಾರಾಧನೆಗೆ ನಾವು ಹೋದೆವು. ಚಂದ್ರಪ್ಪನೂ ಬಂದ. "ಸತ್ತೋರ ಹತ್ರ ಎಂತ ಸಿಟ್ಟು" ಎಂದ, ಆದರೆ ಬಸ್ಸಿನಲ್ಲಿ ಇಡೀ ದಾರಿ ಮುಖ ಗಂಟು. ಶೃಂಗೇರಿಯ ಆ ಮನೆಯಲ್ಲಿ ಅವನು ಹೊರಗೇ ನಿಂತ. ಬೇರೆ ಪಂಕ್ತಿ ಹಾಕುತ್ತಾರೆ, ಆಮೇಲೆ ಕರೆಯುತ್ತಾರೆ ಎಂದು ಕಾದು ನಿಂತದ್ದು, ನನಗೆ ಗೊತ್ತಾಯಿತು. ಮೇಷ್ಟ್ರ ತಂಗಿ, ತಲೆಯೆಲ್ಲ ಬೆಳ್ಳಗಾದ ಹೆಂಗಸು, ಸೌಟು ಹಿಡಿದೇ ಹೊರಗೆ ಬಂದು, "ಎಂತಕ್ಕೆ ನಿಂತಿದೀರಿ? ಬನ್ನಿ ಒಳಗೆ, ಅನ್ನ ಆರ್ತದೆ" ಎಂದು ಗದರಿದಳು. ಎಲ್ಲರಿಗೂ ಒಂದೇ ಸಾಲು. ಚಂದ್ರಪ್ಪ ಭಟ್ಟರೊಬ್ಬರ ಪಕ್ಕದಲ್ಲಿ ಕೂತ.

ಅದಕ್ಕೂ ಮೊದಲು ನಾನು ಆ ತಂಗಿಯನ್ನು ಹಿತ್ತಲ ಬಾಗಿಲಲ್ಲಿ ಹಿಡಿದು, ಸುತ್ತಿ ಬಳಸಿ ಕೇಳಿದ್ದೆ. ನಿಮ್ಮಣ್ಣನಿಗೆ ಸಣ್ಣವರಿದ್ದಾಗ ಏನಾದರೂ ಆಪರೇಷನ್ ಆಗಿತ್ತಾ?

"ಅವ ನನಗಿಂತ ತುಂಬ ದೊಡ್ಡವ. ನಂಗೆಂತ ಗೊತ್ತು?" ಎಂದಳು. ಸ್ವಲ್ಪ ಯೋಚಿಸಿ, "ಅಮ್ಮ ಅವನನ್ನ ಮೀಸೋಕೆ ಯಾರ ಕೈಗೂ ಕೊಡ್ತಿರ್ಲಿಲ್ಲವಂತೆ. ಅಜ್ಜಿ ಹೇಳಿದ್ಲು" ಎಂದಳು. ಆಮೇಲೆ ಸೌಟು ತೊಳೆಯುತ್ತ, ತನಗೆ ತಾನೇ ಎಂಬಂತೆ, "ಅಷ್ಟು ಮಡಿ ನಮ್ಮ ಮನೆಯಲ್ಲಿ ಯಾರಿಗೂ ಇರ್ಲಿಲ್ಲ. ನಮ್ಮ ಅಪ್ಪ ಹೋಟೆಲಲ್ಲಿ ತಿಂತಿದ್ದ. ಇವನಿಗೆ ಎಲ್ಲಿಂದ ಬಂತೋ" ಎಂದಳು.

ಪಂಕ್ತಿಯಲ್ಲಿ ಬಡಿಸುತ್ತಾ ಬಂದವಳು ಕೂಸಿನ ಎಲೆಯ ಮುಂದೆ ನಿಂತಳು. ಎಲೆ ಖಾಲಿ. ಹುಡುಗಿಗೆ ಆ ಬೆಳಿಗ್ಗೆ ಬೇಗ ಹೊರಡುವ ಗಡಿಬಿಡಿಯಲ್ಲಿ ಕ್ರಮ ತಪ್ಪಿತ್ತು, ವಾಪಸು ಬಸ್ಸಿನ ದಾರಿ ಬೇರೆ ಇತ್ತು, ಸವಿತಾ ನನಗೆ ಇದನ್ನು ಪಿಸುಮಾತಿನಲ್ಲಿ ಹೇಳಿದ್ದಳು. ಹುಡುಗಿ ಎಡಗೈಯನ್ನು ಹೊಟ್ಟೆಯ ಎಡಬದಿಗೆ ಅಗಲವಾಗಿ ಇಟ್ಟುಕೊಂಡಿದ್ದಳು.

"ಹೊಟ್ಟೆ ತುಂಬಿದೆ," ಎಂದಳು.

"ಎಂತ ಕೂಸೇ," ಎಂದಳು ತಂಗಿ, ತಮಾಷೆಗೆ, "ನಮ್ಮನೆ ಅನ್ನ ಆಗಲ್ವಾ ನಿಂಗೆ?"

ಸಾಲಿನ ಆ ತುದಿಯಲ್ಲಿ ಚಂದ್ರಪ್ಪನ ಕೈ ಸಾರನ್ನದಲ್ಲಿ ನಿಂತಿತು. ಅವನು ಮಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಪ್ರತಿದಿನ ನೋಡುವ ಮಗಳನ್ನು ಹಾಗೆ ನೋಡುವ ಅಗತ್ಯ ಯಾವ ಅಪ್ಪನಿಗೂ ಬರಬಾರದು. ಆಮೇಲೆ ತಲೆ ತಗ್ಗಿಸಿ ಉಣ್ಣತೊಡಗಿದ. ಎಲೆಯಲ್ಲಿ ಏನೂ ಬಿಡಲಿಲ್ಲ. ಎರಡನೇ ಸಲ ಅನ್ನ ಕೇಳಿ ಹಾಕಿಸಿಕೊಂಡ.

ಹುಡುಗಿ ಆ ಭಂಗಿಯನ್ನು ಮೇಷ್ಟ್ರಿಂದ ಕಲಿತಿರಬಹುದು, ಮಕ್ಕಳು ಕಲಿಯುತ್ತಾರೆ. ಅಥವಾ ಅಲ್ಲಿ ಅವಳ ಹಳೆಯ ಗಾಯದ ಕಲೆಯಿದೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಮೇಷ್ಟ್ರ ಅಂಗಿಯ ಕೆಳಗೆ ಏನಿತ್ತೆಂದು ನಾವು ಯಾರೂ ನೋಡಿದವರಲ್ಲ. ನೋಡಿದವರು ಇರಬಹುದಾದರೆ ಅವರ ತಂಗಿಯ ಮಕ್ಕಳು, ಕೊನೆಯ ಸ್ನಾನ ಮಾಡಿಸಿದವರು. ಅವರು ಅಲ್ಲೇ ಬಡಿಸುತ್ತಿದ್ದರು. ನಾನು ಕೇಳಲಿಲ್ಲ. ಕೇಳಲು ಹೋಗಿ ಎರಡು ಸಲ ಮಜ್ಜಿಗೆ ಕೇಳಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ಹುಡುಗಿ ಹಿಂದಿನ ಬಾಗಿಲ ಬಳಿ ಕಂಬಿ ಹಿಡಿದು ನಿಂತಿದ್ದಳು. ಚಂದ್ರಪ್ಪ ನನ್ನ ಪಕ್ಕದಿಂದ ಎದ್ದು ಹೋಗಿ ಅವಳ ಜೊತೆ ನಿಂತ. ಕೊಪ್ಪ ಹತ್ತಿರವಾದಾಗ ನನ್ನ ಸೀಟಿನತ್ತ ಬಗ್ಗಿ, ಇಂಜಿನ್ನಿನ ಸದ್ದಿನಲ್ಲಿ, ಕೇಳಿದ.

"ಮೇಡಂ, ಅವ್ರು ನಮ್ಮನೇಲಿ ಯಾಕೆ ಉಣ್ಲಿಲ್ಲ? ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲ ಚಂದ್ರಪ್ಪ," ಎಂದೆ.

ಅದು ಸುಳ್ಳಲ್ಲ. ನನಗೆ ಗೊತ್ತಿಲ್ಲ.